ಹುಳುಮನೆಯ ಹೊಸ್ತಿಲು

ಹರದನಹಳ್ಳಿಯ ನಮ್ಮ ಮನೆಯಲ್ಲಿ ನಡುಮನೆ ಮನುಷ್ಯರದಾಗಿರಲಿಲ್ಲ. ವರ್ಷದಲ್ಲಿ ಐದು ಸಲ, ಕೆಲವೊಮ್ಮೆ ಆರು ಸಲ, ಅದು ರೇಷ್ಮೆ ಹುಳುಗಳದಾಗುತ್ತಿತ್ತು. ಒಂದು ಬೆಳೆಯ ಗೂಡು ಬಿಡಿಸಿ ಕಳಿಸಿ, ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಮುಂದಿನ ಮೊಟ್ಟೆ ಬರುವವರೆಗಿನ ಕೆಲವೇ ದಿನ ನಾವು ಅಲ್ಲಿ ಚಾಪೆ ಹಾಸಿಕೊಂಡು ಕಾಲು ಚಾಚಿ ಮಲಗುತ್ತಿದ್ದೆವು. ಉಳಿದ ದಿನಗಳಲ್ಲಿ ನಾನು, ಅಪ್ಪ, ಅವ್ವ ಅಡುಗೆಮನೆಯ ಒಲೆಯ ಪಕ್ಕ, ಅಪ್ಪನ ಅಣ್ಣನಾದ ದೊಡ್ಡಪ್ಪ ಜಗಲಿಯ ಮೇಲೆ. ಅವನ ಹೆಂಡತಿ ದೊಡ್ಡವ್ವ ಮಾತ್ರ ಹುಳುಗಳ ಜೊತೆ ನಡುಮನೆಯಲ್ಲಿ. ಗೋಡೆಯಿಂದ ಗೋಡೆಗೆ ಬಿದಿರಿನ ಅಟ್ಟಣೆ, ಅದರಲ್ಲಿ ಒಂದರ ಮೇಲೊಂದು ತಟ್ಟೆ, ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು. ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟಿರುತ್ತಿತ್ತು. ಈಗಿನವರು ಮನೆಯಿಂದಲೇ ಕೆಲಸ ಮಾಡುವುದನ್ನು ಹೊಸದಾಗಿ ಬಂದ ಕಷ್ಟವೆಂಬಂತೆ ಮಾತಾಡುತ್ತಾರೆ. ನಾನು ಹುಟ್ಟಿದ್ದೇ ಕೆಲಸದ ಒಳಗೆ. ಕೆಲಸ ನಮ್ಮ ಮನೆಗೆ ಬಂದದ್ದಲ್ಲ, ನಾವು ಅದರ ಮನೆಯಲ್ಲಿ ಒಂದು ಮೂಲೆ ಕೇಳಿಕೊಂಡು ಇದ್ದವರು.

ಹುಳುವಿಗೆ ವಾಸನೆ ಆಗುವುದಿಲ್ಲ ಎಂಬುದು ದೊಡ್ಡವ್ವನ ಮೊದಲ ಕಟ್ಟಳೆ. ಮೊಟ್ಟೆ ಒಡೆದ ದಿನದಿಂದ ಮನೆಯಲ್ಲಿ ಒಗ್ಗರಣೆ ನಿಲ್ಲುತ್ತಿತ್ತು. ಈರುಳ್ಳಿ ಹುರಿಯುವಂತಿಲ್ಲ, ಒಣಮೀನು ಸುಡುವಂತಿಲ್ಲ, ಊದುಕಡ್ಡಿ ಹಚ್ಚುವಂತಿಲ್ಲ. ಮುದ್ದೆಗೆ ಸಪ್ಪೆಸರು, ಇಲ್ಲವೇ ಹುಣಸೆ ನೀರಿಗೆ ಹಸಿಮೆಣಸಿನಕಾಯಿ ಕಿವುಚಿದ ಗೊಜ್ಜು. ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದರೆ ದೊಡ್ಡವ್ವ ಗೋಡೆಯ ಮೇಲಿಂದ ಕೂಗಿ ಕಿಟಕಿ ಹಾಕಿಸುತ್ತಿದ್ದಳು. ನಾನು ಸ್ಕೂಲಿನಲ್ಲಿ ಗೆಳತಿಯ ಡಬ್ಬಿಯಿಂದ ಪೌಡರು ಹಚ್ಚಿಕೊಂಡು ಬಂದ ದಿನ ಮೂರು ಸಲ ಮುಖ ತೊಳೆಸಿದಳು. ದೊಡ್ಡಪ್ಪನಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಅವನು ಚಾಮರಾಜನಗರದ ಬಸ್‌ಸ್ಟಾಂಡಿನಲ್ಲಿ ಬೋಂಡ ತಿಂದು ಬಂದ.

“ಬೋಂಡ ತಿಂದಿದ್ದೀರಾ?”

“ಇಲ್ಲ ಕಣೆ.”

“ಬಾಯಿ ಬುಡಿ ನೋಡನ.”

“ನಾನೇನು ಎತ್ತಾ ಬಾಯಿ ಬುಡಕೆ? ತಿಂದೆ ಕಣೆ, ಒಂದೇ ಒಂದ.”

“ಮೀಸೆಲೇ ಎರಡು ಬೋಂಡದ ವಾಸ್ನೆ ಅದೆ. ನಾಳೆ ಗಂಟ ಅತ್ಲಾಗೇ ಇರಿ, ಒಳಿಕ್ ಬರ್ಬೇಡಿ.”

ಎಲ್ಲರೂ ನಕ್ಕೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನಪಿದೆ. ದೊಡ್ಡವ್ವನೂ ನಕ್ಕಳು. ಇದನ್ನು ಬರೆಯುತ್ತಿರುವುದು ಅವಳು ರಾಕ್ಷಸಿಯಾಗಿರಲಿಲ್ಲ ಎಂದು ತೋರಿಸಲಿಕ್ಕಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕು, ಅಷ್ಟೇ. ಅವಳಿಗೆ ಮಕ್ಕಳಿರಲಿಲ್ಲ. ಊರಿನಲ್ಲಿ ಯಾರ ಹುಳುವಿಗೆ ರೋಗ ಬಂದರೂ ಅವಳನ್ನು ಕರೆಯುತ್ತಿದ್ದರು. ಅವಳು ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು, ಬೆಳಕಿಗೆ ಹಿಡಿದು, ಇದು ಸುಣ್ಣ ಕಟ್ಟಿದೆ, ಇದು ಹಾಲಾಗಿದೆ ಎಂದು ರೋಗದ ಹೆಸರು ಹೇಳುತ್ತಿದ್ದಳು. ಹಾಗೆ ಹೇಳುವಾಗ ಗಂಡಸರು ಸುಮ್ಮನೆ ನಿಂತು ಕೇಳುತ್ತಿದ್ದರು. ಹುಳುವಿನ ವಿಷಯ ಬಿಟ್ಟು ಬೇರೆ ಯಾವ ವಿಷಯದಲ್ಲೂ ಅವರು ಅವಳ ಮಾತಿಗೆ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

ಎರಡನೇ ಕಟ್ಟಳೆ ಅವ್ವನ ಕುರಿತದ್ದು. ನನಗೆ ಆರು ವರ್ಷವಿದ್ದಾಗ ಒಂದು ಬೆಳೆ ಹೋಯಿತು. ಹುಳುಗಳೆಲ್ಲ ಊದಿ, ಮುಟ್ಟಿದರೆ ಒಡೆದು ಬಿಳಿ ನೀರು ಸುರಿಸಿ ಸತ್ತವು. ಅವುಗಳನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಯ ಆಚೆ ಹೂತರು. ಆ ಸಂಜೆ ದೊಡ್ಡವ್ವ ಒಬ್ಬೊಬ್ಬರನ್ನೇ ಕೇಳಿದಳು: ಏನು ತಿಂದಿರಿ, ಯಾರನ್ನು ಮುಟ್ಟಿದಿರಿ, ಎಲ್ಲಿಗೆ ಹೋಗಿದ್ದಿರಿ. ಅವ್ವನ ಸರದಿ ಬಂದಾಗ ಅವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿರುವಾಗಲೇ ತಾನು ಮುಟ್ಟಾದೆ, ಗೊತ್ತಾದದ್ದು ಆಮೇಲೆ, ಗೊತ್ತಾದ ತಕ್ಷಣ ಹೊರಗೆ ಬಂದೆ ಎಂದಳು. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ಬೆಳೆಯಿಂದ ಅವ್ವ ಮೂರು ದಿನವಲ್ಲ, ಹುಳು ಮೂರನೇ ಜ್ವರ ಎದ್ದ ದಿನದಿಂದ ಗೂಡು ಬಿಡಿಸುವವರೆಗೆ, ಹೆಚ್ಚು ಕಡಿಮೆ ಹದಿನೆಂಟು ದಿನ, ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಇರಬೇಕಾಯಿತು. ಹುಳು ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗಾಡದೆ ಕೂತು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಅಂಥ ನಾಲ್ಕು ಜ್ವರ ಕಳೆದ ಮೇಲೆ ಹುಳು ಗೂಡು ಕಟ್ಟುತ್ತದೆ.

ಆದರೆ ಸೊಪ್ಪಿನ ಕೆಲಸ ಅವ್ವನದೇ ಆಗಿತ್ತು. ಹೊಲದಿಂದ ಬಂದ ಹೊರೆಯನ್ನು ಚಪ್ಪರದಲ್ಲಿ ಇಳಿಸುತ್ತಿದ್ದರು. ಕಡ್ಡಿಯಿಂದ ಸೊಪ್ಪು ಬಿಡಿಸುವುದು, ಮಳೆಯಲ್ಲಿ ನೆನೆದಿದ್ದರೆ ಎಲೆಎಲೆಯನ್ನೂ ಬಟ್ಟೆಯಿಂದ ಒರೆಸುವುದು, ಹಣ್ಣೆಲೆ ಆರಿಸಿ ತೆಗೆಯುವುದು. ಇದನ್ನೆಲ್ಲ ಅವಳು ಆ ಹದಿನೆಂಟು ದಿನವೂ ಬೆಳಗಿನಿಂದ ಕತ್ತಲಾಗುವವರೆಗೆ ಮಾಡುತ್ತಿದ್ದಳು. ಅವಳು ಮುಟ್ಟಿದ ಎಲೆಯನ್ನು ಹುಳು ತಿನ್ನಬಹುದು. ಅವಳ ಕಾಲು ಮಾತ್ರ ಹೊಸ್ತಿಲು ದಾಟುವಂತಿಲ್ಲ. ಬುಟ್ಟಿ ತುಂಬಿದಾಗ ಅವಳು ಹೊಸ್ತಿಲ ಆಚೆ ಇಟ್ಟು ಹಿಂದೆ ಸರಿಯುತ್ತಿದ್ದಳು, ನಾನು ಈಚೆಯಿಂದ ಎಳೆದುಕೊಳ್ಳುತ್ತಿದ್ದೆ. ಊಟದ ತಟ್ಟೆಯೂ ಹಾಗೆಯೇ ಆಚೆ ಹೋಗುತ್ತಿತ್ತು. ಇದು ಸರಿಯೇ ಎಂದು ನಾನು ಒಮ್ಮೆ ಅಪ್ಪನನ್ನು ಕೇಳಿದೆ. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ.

“ಅತ್ಗೆ ಏಳುದ್ಮೇಲೆ ಮುಗೀತು ಕಣಮ್ಮಿ. ಉಳದ್ ವಿಸ್ಯ ನಂಗೇನ್ ಗೊತ್ತು?”

ಹದಿನೈದು ಹದಿನಾರು ಬೆಳೆ ಹೀಗೆ ಕಳೆದವು. ಆ ದಿನ ಬಂದಾಗ ನನಗೆ ಒಂಬತ್ತು ವರ್ಷ. ಅವ್ವ ಐದು ತಿಂಗಳ ಬಸುರಿ, ಆದರೂ ಚಪ್ಪರ ತಪ್ಪಿರಲಿಲ್ಲ. ನಾಲ್ಕನೇ ಜ್ವರ ಎದ್ದು ಏಳನೇ ದಿನ, ಹುಳು ಹಣ್ಣಾಗುತ್ತಿದ್ದವು. ಹಣ್ಣಾದ ಹುಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತಿಳಿಯಾಗುತ್ತದೆ. ಅದನ್ನು ಆಗಲೇ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿದಿರಿನ ದಬ್ಬೆ ಸುತ್ತುಸುತ್ತಾಗಿ ನೇಯ್ದ ಚಾಪೆ. ನಮ್ಮಲ್ಲಿದ್ದವು ಸಾಲದೆ ಅಪ್ಪ ಗಾಡಿ ಕಟ್ಟಿಕೊಂಡು ಬಾಡಿಗೆ ಚಂದ್ರಿಕೆ ತರಲು ಪಕ್ಕದ ಊರಿಗೆ ಹೋಗಿದ್ದ. ದೊಡ್ಡಪ್ಪ ಹೊಲದಲ್ಲಿದ್ದ. ಒಳಗೆ ನಾನು ಮತ್ತು ದೊಡ್ಡವ್ವ. ಮಧ್ಯಾಹ್ನದ ಊಟ ಆಗಿತ್ತು, ಬಿಸಿಲು ಜಗಲಿಯ ಕಂಬದ ಬುಡಕ್ಕೆ ಬಂದಿತ್ತು. ಅವ್ವ ಚಪ್ಪರದಿಂದ ಎದ್ದು ಬಂದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಗೋಡೆಯ ಮೇಲೆ. ಗೋಡೆ ಹಿಡಿದುಕೊಂಡೇ ಹೊಸ್ತಿಲವರೆಗೆ ಬಂದಳು.

“ಅಕ್ಕಾ, ವಸಿ ಒಳಿಕ್ ಬತ್ತೀನಿ. ಮಲಿಕ್ಕಬೇಕು. ನಿಂತ್ಕಳಕ್ ಆಯ್ತಾ ಇಲ್ಲ.”

“ಯಾಕಮ್ಮಿ, ಏನಾಯ್ತು?”

“ಓಯ್ತಾ ಅದೆ ಅಕ್ಕ. ನೆತ್ರು ಓಯ್ತಾ ಅದೆ.”

ದೊಡ್ಡವ್ವ ಅವಳ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಬಲಗೈಯಲ್ಲಿ ಹಣ್ಣು ಹುಳುವಿನ ತಟ್ಟೆ ಇತ್ತು. ಎಡಗೈಯನ್ನು ಚಾಚಿ ಬಾಗಿಲಿನ ಚೌಕಟ್ಟಿಗೆ ಅಡ್ಡ ಇಟ್ಟಳು. ಎಡಗೈ ಎಂಬುದು ನನಗೆ ಖಚಿತ, ಏಕೆಂದರೆ ಆ ಕೈಯಲ್ಲಿದ್ದ ಹಸಿರು ಬಳೆ ಮರಕ್ಕೆ ತಾಗಿದ ಸದ್ದು ಕೇಳಿದೆ.

“ಇವತ್ತೊಂದಿನ ತಡ್ಕಮ್ಮಿ. ಉಳ ಅಣ್ಣಾಗವೆ. ಈಗ ಕಾಲಿಡ್ಬೇಡ.”

ಅವಳು ಗದರಲಿಲ್ಲ. ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತುಕೊಳ್ಳುತ್ತಿರಲಿಲ್ಲವೇನೋ. ಅವ್ವ ಎರಡನೇ ಸಲ ಕೇಳಲಿಲ್ಲ. ತಿರುಗಿದಳು. ತಿರುಗಿದಾಗ ಸೀರೆಯ ಹಿಂಭಾಗ ಕಂಡಿತು. ಹಸಿರು ಸೀರೆ, ಕಪ್ಪಗೆ ನೆನೆದಿತ್ತು. ನಾನು ಅವಳ ಹಿಂದೆ ಹೋಗಲು ಹೊಸ್ತಿಲಿಗೆ ಕಾಲಿಟ್ಟೆ.

“ನೀನೆಲ್ಗಮ್ಮಿ? ಅಲ್ಲಿ ಓದ್ರೆ ಮತ್ ಒಳಿಕ್ ಬರಂಗಿಲ್ಲ. ಆಯ್ಕ ಬಾ. ಕೈ ಸಾಲ್ದು.”

ನಾನು ಹಿಂದೆ ಬಂದು ಹುಳು ಆಯ್ದೆ. ಎಷ್ಟು ಹೊತ್ತು ಎಂದು ಗಡಿಯಾರದಲ್ಲಿ ಹೇಳಲಾರೆ. ಮೂರು ಚಂದ್ರಿಕೆ ತುಂಬುವಷ್ಟು ಹೊತ್ತು. ಮೂರನೆಯದು ಅರ್ಧ ದಾಟಿದಾಗ ಅಪ್ಪನ ಗಾಡಿ ಬಂತು. ಚಪ್ಪರಕ್ಕೆ ಹೋದವನು ಅಲ್ಲಿಂದಲೇ ಅಣ್ಣನ ಹೆಸರು ಹಿಡಿದು ಕೂಗಿದ. ಬಾಡಿಗೆಯ ಚಂದ್ರಿಕೆಗಳನ್ನು ಅಂಗಳಕ್ಕೆ ಇಳಿಸಿ, ಅದೇ ಗಾಡಿಗೆ ಹುಲ್ಲು ಹಾಸಿ, ಅವ್ವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಅವ್ವ ನಾಲ್ಕು ದಿನದ ಮೇಲೆ ಬಂದಳು. ಮಗು ಬರಲಿಲ್ಲ. ಗಂಡೋ ಹೆಣ್ಣೋ ನನಗೆ ಯಾರೂ ಹೇಳಲಿಲ್ಲ. ಒಳಗೆ ಬಿಟ್ಟು ಮಲಗಿಸಿದ್ದರೆ, ಆಗಲೇ ಯಾರನ್ನಾದರೂ ಓಡಿಸಿದ್ದರೆ, ಆ ಮಗು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅವ್ವ ಕೇಳಿದಳು, ಬಾಗಿಲಿಗೆ ಕೈ ಅಡ್ಡ ಬಂತು, ನಾನು ಹುಳು ಆಯ್ದೆ.

ಭೀಮನಬೀಡಿನಿಂದ ಅಜ್ಜಿ ಬಂದು ಅವ್ವನನ್ನು ತವರಿಗೆ ಕರೆದುಕೊಂಡು ಹೋದಳು. ಸ್ಕೂಲು ತಪ್ಪುತ್ತದೆಂದು ನನ್ನನ್ನು ಬಿಟ್ಟು ಹೋದರು. ಆ ದಿನ ಉಟ್ಟಿದ್ದ ಹಸಿರು ಸೀರೆ, ಆಸ್ಪತ್ರೆಯಿಂದ ತಂದು ಚಪ್ಪರದ ಹುಲ್ಲಿನಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು, ಅದನ್ನು ಒಗೆಯಲು ಯಾರೂ ಮುಂದಾಗಿರಲಿಲ್ಲ. ಒಣಗಿ ದಡ್ಡುಗಟ್ಟಿತ್ತು. ಮುಂದಿನ ಬೆಳೆ ಬಂತು. ಹುಳು ಮೂರನೇ ಜ್ವರ ಎದ್ದ ದಿನ, ದೊಡ್ಡವ್ವ ಬಾವಿಗೆ ಹೋದ ಹೊತ್ತು ನೋಡಿ, ನಾನು ಆ ಸೀರೆಯನ್ನು ಲಂಗದೊಳಗೆ ಮುಚ್ಚಿಕೊಂಡು ನಡುಮನೆಗೆ ತಂದೆ. ಮೂಲೆಯ ಅಟ್ಟಣೆಯ ಕೆಳಗೆ, ಗೋಡೆಗೆ ಒತ್ತಿ, ಹಳೆಯ ಗೋಣಿಚೀಲದ ಹಿಂದೆ ತುರುಕಿದೆ. ನನ್ನ ಉದ್ದೇಶದಲ್ಲಿ ಗೊಂದಲವಿರಲಿಲ್ಲ. ಹುಳು ಸಾಯಬೇಕು. ಊದಿ, ಒಡೆದು, ಬಿಳಿ ನೀರು ಸುರಿಸಿ, ಒಂದೂ ಉಳಿಯದೆ ಸಾಯಬೇಕು. ಅವುಗಳನ್ನು ಮಂಕರಿಯಲ್ಲಿ ಹೊರುವಾಗ ದೊಡ್ಡವ್ವನ ಮುಖ ನೋಡಬೇಕು. ನಾನು ದಿನವೂ ಸ್ಕೂಲಿನಿಂದ ಓಡಿ ಬಂದು ತಟ್ಟೆಗಳ ಮುಂದೆ ನಿಲ್ಲುತ್ತಿದ್ದೆ. ಅವು ತಿನ್ನುತ್ತಿದ್ದವು. ಹೆಂಚಿನ ಮೇಲೆ ಸೋನೆ ಬಿದ್ದಂಥ ಸದ್ದು ಮಾಡಿಕೊಂಡು, ಹಿಂದೆಂದೂ ತಿನ್ನದ ಹಾಗೆ ತಿನ್ನುತ್ತಿದ್ದವು.

ಆ ಬೆಳೆಯಷ್ಟು ಒಳ್ಳೆಯ ಬೆಳೆ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ. ಗೂಡು ಗಟ್ಟಿ, ಒಂದೇ ಸಮ. ಬೇರೆ ಊರಿನವರೂ ನೋಡಲು ಬಂದರು. ಗೂಡು ಬಿಡಿಸಿದ ದಿನ ನಾನು ಮೂಲೆಗೆ ಕೈ ಹಾಕಿದೆ. ಗೋಣಿಚೀಲ ಇತ್ತು, ಸೀರೆ ಇರಲಿಲ್ಲ. ಹಿಕ್ಕೆಯ ಕಸದ ಜೊತೆ ತಿಪ್ಪೆಗೆ ಹೋಗಿರಬೇಕು ಎಂದುಕೊಂಡೆ. ಅವ್ವ ತವರಿನಿಂದ ಬಂದ ವಾರದಲ್ಲೇ ಹೊಸ ಮೊಟ್ಟೆ ಬಂತು. ಅಂದು ಒಲೆಯ ಮುಂದೆ ಎಲ್ಲರೂ ಕೂತಿದ್ದಾಗ ದೊಡ್ಡವ್ವ ಹೇಳಿದಳು:

“ಓದ್ ಬೆಳೆ ನೋಡುದ್ರಲ್ಲ? ಇವ್ಳು ಊರ್ನಲ್ಲೇ ಇರ್ನಿಲ್ಲ, ಗೂಡು ಎಂಗ್ ಬಂದೋ ನೋಡಿ. ನಾ ಸುಮ್ನೆ ಏಳ್ತೀನಾ?”

ಅವ್ವ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ಮುದ್ದೆಯನ್ನು ಒತ್ತುತ್ತಿದ್ದಳು. ನನ್ನ ಬಾಯಿಗೆ ಮಾತು ಬಂದಿತ್ತು. ಆ ಸೀರೆ ಒಳಗೇ ಇತ್ತು, ಅದರ ಪಕ್ಕದಲ್ಲೇ ನಿನ್ನ ಹುಳು ತಿಂದು ಬೆಳೆದವು ಎಂದು ಕೂಗಿಬಿಡಬೇಕಿತ್ತು. ಕೂಗಿದರೆ ನಾನು ಹುಳು ಕೊಲ್ಲಲು ಹೊರಟವಳು ಎಂದಾಗುತ್ತಿತ್ತು. ಒಂಬತ್ತು ವರ್ಷದ ನಾನು ಹೆದರಿ ಸುಮ್ಮನಿದ್ದೆ. ಸೇಡಿಗೆಂದು ನಾನು ಮಾಡಿದ್ದೇ ಅವ್ವನ ಮೇಲೆ ಸಾಕ್ಷಿಯಾಯಿತು. ಹೊಲದಲ್ಲಿ ಶೀಟು ಹಾಕಿದ ಹುಳು ಸಾಕಣೆ ಮನೆ ಕಟ್ಟುವವರೆಗೆ, ಇನ್ನೂ ಏಳು ವರ್ಷ, ಪ್ರತಿ ಬೆಳೆಯಲ್ಲೂ ಹದಿನೆಂಟು ದಿನ ಅವ್ವ ಚಪ್ಪರದಲ್ಲಿ ಕೂತು ಸೊಪ್ಪು ಬಿಡಿಸಿದಳು. ಮುಂದೆ, ಅಪ್ಪ ಹೋದ ಮೇಲೆ, ಅವಳು ಚಾಮರಾಜನಗರದ ನನ್ನ ಮನೆಗೆ ಬಂದು, ಅಲ್ಲೇ ತೀರಿಕೊಂಡಳು. ಅಷ್ಟು ವರ್ಷ ನನ್ನ ಜೊತೆ ಇದ್ದರೂ ಆ ಮಧ್ಯಾಹ್ನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ಎಂಥ ಸೆಖೆಯಲ್ಲೂ ಅವಳು ಜಗಲಿಯಲ್ಲಿ ಕೂರುತ್ತಿರಲಿಲ್ಲ. ನೆರೆಯವರು ಮಾತಿಗೆ ಕರೆದರೆ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ನನ್ನ ಈಗಿನ ಕೆಲಸ ದೂರಶಿಕ್ಷಣದ ಒಂದು ಸಂಸ್ಥೆಯ ಸಹಾಯವಾಣಿಯಲ್ಲಿ. ವಿದ್ಯಾರ್ಥಿಗಳು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಲಾಕ್‌ಡೌನಿನಲ್ಲಿ ಮನೆಗೆ ಕಳಿಸಿದವರು ಮತ್ತೆ ಆಫೀಸಿಗೆ ಕರೆಯಲೇ ಇಲ್ಲ. ಮೊದಮೊದಲು ನನಗೆ ಬಹಳ ಕಷ್ಟವಾಯಿತು. ಮುಂದಿನ ಕೋಣೆಯಲ್ಲಿ ಮೇಜು, ಕಂಪ್ಯೂಟರು, ಕಿವಿಗೆ ಹೆಡ್‌ಫೋನು. ಕುಕ್ಕರ್ ಕೂಗಿದರೆ ಆಚೆಯವರಿಗೆ ಕೇಳಿಸುತ್ತದೆ, ಮೇಲಿನವರಿಂದ ಮೆಸೇಜು ಬರುತ್ತದೆ. ಒಗ್ಗರಣೆಯ ಘಾಟಿಗೆ ಕೆಮ್ಮು ಬಂದು ಒಂದು ಕರೆ ಕೆಟ್ಟಿತು. ಅಂದಿನಿಂದ ಒಂಬತ್ತರಿಂದ ಆರರವರೆಗೆ ನನ್ನ ಮನೆಯಲ್ಲೂ ಒಲೆ ಹಚ್ಚುವುದು ನಿಂತಿತು. ಬಾಗಿಲು ಕಿಟಕಿ ಮುಚ್ಚಿ, ನನ್ನ ಮನೆಯಲ್ಲೇ ನಾನು ತುದಿಗಾಲಲ್ಲಿ ಓಡಾಡುವುದನ್ನು ಕಲಿತೆ. ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದದ್ದು ಆ ದಿನಗಳಲ್ಲಿ. ದೊಡ್ಡವ್ವ ಒಬ್ಬಳೇ ಆದಳು, ಮಂಡಿನೋವು ಬೇರೆ. ತಿಥಿಯ ದಿನ ಎಲ್ಲರ ಎದುರಿನಲ್ಲಿ ನಾನು ಅವಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದೆ. ಊರಿನವರು ನನ್ನನ್ನು ಬಹಳ ಹೊಗಳಿದರು. ನಾನು ಆಗಲೇ ಮನಸ್ಸಿನಲ್ಲಿ ಅವಳನ್ನು ಜಗಲಿಯಲ್ಲಿ ಕೂರಿಸಿ ಆಗಿತ್ತು.

ಬಂದ ಮರುದಿನವೇ ಹೇಳಿದೆ.

“ನನಗೆ ಮನೇಲೇ ಕೆಲಸ ದೊಡ್ಡವ್ವ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಒಳಗೆ ಯಾರೂ ಇರಂಗಿಲ್ಲ. ಕೆಮ್ಮಂಗಿಲ್ಲ, ಮಾತಾಡಂಗಿಲ್ಲ. ನೀನು ಹೊರಗೆ ಕೂತ್ಕಬೇಕು.”

ಅವಳ ಮುಖ ಬಾಡುವುದನ್ನು ಕಾಯುತ್ತಾ ನಿಂತೆ. ಅವಳು ತಲೆದೂಗಿದಳು.

“ಅದಕ್ಕೇನಮ್ಮಿ. ಕೆಲ್ಸ ಅಂದ್ಮೇಲೆ ಒಂದ್ ಕಟ್ಟು ಇರ್ಬೇಕು.”

ಒಂಬತ್ತಕ್ಕೆ ಮುಂಚೆಯೇ ತನ್ನ ಚಾಪೆ, ನೀರಿನ ಚೊಂಬು, ಎಲೆಅಡಿಕೆ ಚೀಲ ತೆಗೆದುಕೊಂಡು ಹೊರಗೆ ಹೋದಳು. ಮೂರು ದಿನದಲ್ಲಿ ನನ್ನ ಕೆಲಸದ ಕಾವಲು ಅವಳದಾಯಿತು. ಸೊಪ್ಪಿನವನು ಕೂಗುತ್ತಾ ಬಂದರೆ, “ಮೆತ್ಗೆ ಕೂಗ್ಲಾ, ಒಳ್ಗೆ ಕೆಲ್ಸ ನಡೀತಾ ಅದೆ” ಎಂದು ಗದರಿಸುತ್ತಿದ್ದಳು. ಎದುರುಮನೆಯವರ ಮಿಕ್ಸಿಯನ್ನೂ ನಿಲ್ಲಿಸಿ ಬಂದಳು. ಬಿಸಿಲು ತಿರುಗಿ ಜಗಲಿಗೆ ಬಂದರೆ ಚಾಪೆ ಸರಿಸಿಕೊಳ್ಳುತ್ತಿದ್ದಳೇ ಹೊರತು ಬಾಗಿಲು ತಟ್ಟುತ್ತಿರಲಿಲ್ಲ. ನಾನು ಗಾಜಿನ ಸಂದಿನಿಂದ ನೋಡುತ್ತಿದ್ದೆ. ಅವಳಿಗೆ ಇದು ಶಿಕ್ಷೆಯಾಗಿರಲಿಲ್ಲ. ಅವಳ ಪ್ರಕಾರ ನಾನು ಕೊನೆಗೂ ಸರಿಯಾಗಿ ಮನೆ ನಡೆಸುವುದನ್ನು ಕಲಿತಿದ್ದೆ. ಹೀಗೆ ಐದು ತಿಂಗಳು ಹೋಯಿತು. ನನ್ನ ಸೇಡನ್ನು ಅವಳು ಎಲೆಅಡಿಕೆ ಹಾಕಿಕೊಂಡು ಸಲೀಸಾಗಿ ಜಗಿದುಬಿಟ್ಟಿದ್ದಳು.

ಆಗ ನನ್ನಲ್ಲಿ ಉಳಿದಿದ್ದದ್ದು ಆ ಸೀರೆಯ ವಿಷಯವೊಂದೇ. ಒಂದು ಭಾನುವಾರ ಬೆಳಿಗ್ಗೆ ಅದನ್ನು ಹೇಳಿದೆ. ಭಾನುವಾರ ಸಹಾಯವಾಣಿ ಮುಚ್ಚಿರುತ್ತದೆ, ಆ ದಿನ ಅವಳು ಒಳಗೇ ಇರುತ್ತಿದ್ದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು, ದನಿ ಏರಿಸದೆ, ಯಾವ ಸೀರೆ, ಯಾವ ಮೂಲೆ, ಯಾವ ಜ್ವರ, ಎಲ್ಲ ಹೇಳಿದೆ. ನೀನು ಇಡೀ ಊರಿಗೆ ತೋರಿಸಿದ ಆ ಗೂಡು ಅವ್ವನ ರಕ್ತದ ಪಕ್ಕದಲ್ಲಿ ಕಟ್ಟಿದ್ದು, ನಿನ್ನ ಕಟ್ಟಳೆ ಅಷ್ಟೂ ಸುಳ್ಳು ಎಂದೆ. ಅವಳ ಕೈ ಕಾಯಿಯ ಮೇಲೆ ಒಂದು ಕ್ಷಣ ನಿಂತಿತು. ಮತ್ತೆ ಸುಲಿಯತೊಡಗಿತು.

“ಗೊತ್ತು ಕಣಮ್ಮಿ.”

“ಏನು ಗೊತ್ತು?”

“ಸೀರೆ ಎತ್ತುದ್ದು ನಾನೇ. ಉಳ ಅಣ್ಣಾಗಕ್ ಮುಂಚೆ ಮೂಲೆ ಗುಡಿಸ್ವಾಗ ಸಿಕ್ತು. ಒಲೆಗೆ ಆಕ್ದೆ. ನೀನೇ ಇಟ್ಟಿರದು ಅಂತ್ಲೂ ಗೊತ್ತಾಯ್ತು. ಇನ್ಯಾರ್ ಇಡ್ತರೆ?”

“ಹುಳಕ್ಕೆ ಏನೂ ಆಗ್ಲಿಲ್ಲ ಅಂತ ಆಗಲೇ ಗೊತ್ತಿತ್ತಾ?”

“ಕಣ್ಣಿಲ್ವಾ ನಂಗೆ?”

“ಮತ್ತೆ ಅವ್ವನ್ನ ಇನ್ನೂ ಏಳು ವರ್ಷ ಯಾಕೆ ಆಚೆ ಕೂರಿಸಿದೆ?”

ಅವಳು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ತಪ್ಪಿಸಿಕೊಳ್ಳುವ ಮಾತನ್ನು ಹುಡುಕುತ್ತಿರುವ ಹಾಗೆ ಕಾಣಲಿಲ್ಲ. ಸರಿಯಾದ ಉತ್ತರವನ್ನೇ ಹುಡುಕುತ್ತಿದ್ದಳು.

“ನಿಮ್ಮವ್ವುಂಗೆ ನೀನಿದ್ದೆ, ಗಂಡ ಮಾತಾಡುಸ್ತಿದ್ದ, ತವರಿತ್ತು. ನಂಗೆ ಆ ಬಾಗ್ಲೊಂದೇ ಕಣಮ್ಮಿ ಇದ್ದುದ್ದು. ಅವ್ಳ್ನೂ ಒಳಿಕ್ ಬುಟ್ಟಿದ್ರೆ, ನಾನ್ಯಾರು?”

ಅವಳು ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ನಂಬಿಕೆಯಿಂದಲೇ ಮಾಡಿರಬಹುದು ಎಂಬ ಒಂದು ಊಹೆಯನ್ನು ನಲವತ್ತು ವರ್ಷ ಅವಳ ಪರವಾಗಿ ನಾನೇ ಕಾಪಾಡಿಕೊಂಡು ಬಂದಿದ್ದೆ. ಅದೂ ಹೋಯಿತು. ನಾನು ಎದ್ದು ಮೇಜಿನ ಮುಂದೆ ಕೂತು ಹೆಡ್‌ಫೋನು ಹಾಕಿಕೊಂಡೆ. ಕಂಪ್ಯೂಟರು ಹಚ್ಚಿರಲಿಲ್ಲ.

“ದೊಡ್ಡವ್ವ, ನನಗೆ ಕಾಲ್ ಬರ್ತದೆ. ಹೊರಗೆ ಹೋಗು.”

“ಇವತ್ತು ಬಾನ್ವಾರ ಅಲ್ವಮ್ಮಿ?”

“ಹೌದು.”

ಅವಳು ಕಪ್ಪಗಿದ್ದ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಆ ಐದು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಾನು ಕಾಯುತ್ತಿದ್ದದ್ದು ಬಂತು. ಮಂಡಿಯ ಮೇಲೆ ಕೈ ಊರಿ ಎದ್ದಳು. ಚಾಪೆ ತೆಗೆದುಕೊಳ್ಳಲು ಮರೆತಳು. ಅವಳು ಆಚೆ ಹೋದ ಮೇಲೆ ನಾನು ಚಿಲಕ ಹಾಕಿ, ಸಂಜೆ ಆರು ಗಂಟೆಯವರೆಗೆ ಯಾವ ಕರೆಯೂ ಬರದ ಹೆಡ್‌ಫೋನು ಹಾಕಿಕೊಂಡು ಕೂತಿದ್ದೆ. ಎದ್ದು ನೋಡಲಿಲ್ಲ. ಅಂದಿನಿಂದ ಮನೆಯಲ್ಲಿ ಭಾನುವಾರ ಇರಲಿಲ್ಲ, ವಾರದ ಏಳು ದಿನವೂ ಅವಳು ಜಗಲಿಯಲ್ಲೇ.